ಹುಣಸೆ ಗಿಡದ ಭೂತ

ಕಲಬುರಗಿ

ಮೊಮ್ಮಗಳೇ,

ನಿನ್ನ ಕಾಗದ ಬಂತು. ನೀನು ಕಲಿಸುವ ಶಹಾಪುರದ ಕಡೆ ಹಳ್ಳಿ ಸಾಲಿ, 3ನೇ ತರಗತಿ, ಅಂಗಳದಲ್ಲಿ ಹುಣಸೆ ಗಿಡ, ಗಿಡದಲ್ಲಿ ಭೂತ ಐತಿ ಅಂತ ಹೆದರುವ ಒಬ್ಬ ಹುಡುಗ. ಎಲ್ಲಾ ಓದಿದೆ. "ಭೂತ ಗೀತ ಏನಿಲ್ಲ, ಸುಮ್ನೆ ಕೂಡು" ಅಂತ ಆ ಹುಡುಗನನ್ನು ಗದರಿಸಿದೆಯಂತೆ. ನನ್ನದೇ ಹಳೇ ತಪ್ಪು ನೆನಪಾಯಿತು.

ಹೊಸದಾಗಿ ಮಾಸ್ತರ ಆದಾಗ ನನಗೆ ನಿನಗಿಂತ ಜಾಸ್ತಿ ಹುರುಪು. ಬಾವಿ ಅಂದರೆ ಹೆದರುವ ಒಬ್ಬ ಹುಡುಗನನ್ನು ಮಟಮಟ ಮಧ್ಯಾಹ್ನ ರಟ್ಟೆ ಹಿಡಿದು ಅಲ್ಲಿಗೇ ಎಳೆದುಕೊಂಡು ಹೋದೆ. "ಎಲ್ಲೈತಿ ಭೂತ, ತೋರಿಸು" ಅಂದೆ. ಅವನು ನೀರಿನ ಕಡೆ ನೋಡಲೇ ಇಲ್ಲ. ನನ್ನ ಧೋತರದ ಅಂಚು ಬಿಗಿಯಾಗಿ ಹಿಡಿದು ನಿಂತಿದ್ದ. ಹಿಂದಿನ ವರ್ಷ ಅದೇ ಬಾವಿಯಲ್ಲಿ ಅವನ ಅಣ್ಣ ಹೋಗಿದ್ದ ಅಂತ ಆಮೇಲೆ ಗೊತ್ತಾಯಿತು. ಮೊದಲೇ ಕೇಳಬಹುದಿತ್ತು, ಕೇಳಲಿಲ್ಲ.

ಹಾಗಾಗಿ ಭೂತ ಇದೆಯೋ ಇಲ್ಲವೋ ಅನ್ನುವ ವಾದಕ್ಕೆ ಇಳಿಯಬೇಡ. ಆ ಮಾತನ್ನೇ ಬಿಡಿಸಿ ಹೇಳು. ಸಂಸ್ಕೃತದಲ್ಲಿ 'ಭೂ' ಅಂದರೆ ಆಗು, ಇರು. ಭೂತ ಅಂದರೆ ಆದದ್ದು, ಇದ್ದದ್ದು. ನೀನು ಹಲಗೆ ಮೇಲೆ ಬರೆಯುವ ಭೂತಕಾಲ ಅದೇ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ, ಈ 5 ಕೂಡ ಭೂತಗಳು. ಭೂತದಯೆ ಅಂದಾಗ ಉಸಿರಾಡುವ ಜೀವವೆಲ್ಲ ಬಂತು. ದೆವ್ವ ಅನ್ನುವ ಅರ್ಥ ಇದೇ ಗಿಡದ ಒಂದು ಟೊಂಗೆ. (ದೆವ್ವ ಅನ್ನೋದೂ ದೈವದ ತದ್ಭವ ಅಂದರೆ ನಿಮ್ಮ ಆಯಿ ನಂಬೋದೇ ಇಲ್ಲ.)

ಮಾತು ದೂರ ದೂರ ತಿರುಗಾಡಿದೆ. ತುಳುನಾಡಿನಲ್ಲಿ ಭೂತಕ್ಕೆ ಕೋಲ ಕೊಟ್ಟು ನ್ಯಾಯ ಕೇಳುತ್ತಾರೆ. ಜಾವಾದ ತೊಗಲುಗೊಂಬೆಯಾಟದಲ್ಲಿ 'ಬುತೊ' ಅಂದರೆ ಕೋರೆಹಲ್ಲಿನ ರಾಕ್ಷಸ. ಥಾಯ್ ಜನ ತಮ್ಮ 'ಫೀ' ಜೊತೆ ಸೇರಿಸಿ 'ಫೂತ್ ಫೀ' ಅನ್ನುತ್ತಾರೆ, ನಾವು ದೆವ್ವ ಭೂತ ಅಂದ ಹಾಗೆ. ನನಗೆ ಹಿಡಿಸಿದವರು ಬಾಲಿಯವರು. ಅವರು ಹೇಳೋದು 'ಭೂತ ಕಾಲ' ಅಂತ. ಅದು ಕೆಡುಕು ಮಾಡುವ ಶಕ್ತಿಗಳ ಹೆಸರು, ವ್ಯಾಕರಣ ಅಲ್ಲ. ಆದರೂ ಕಿವಿಗೆ ನಿನ್ನ ಪಾಠದ ಹಾಗೇ ಕೇಳುತ್ತದೆ, ಅಲ್ವಾ? ನ್ಯೆಪಿ ಅನ್ನುವ ಹೊಸ ವರ್ಷದ ಹಿಂದಿನ ದಿನ ಅವಕ್ಕೆ ಎಡೆ ಇಟ್ಟು, ಸಂಜೆ ಗದ್ದಲ ಮಾಡಿ ಓಡಿಸುತ್ತಾರೆ. ಮರುದಿನ ಊರಿಗೆ ಊರೇ ದೀಪ ಹಚ್ಚದೆ ಮನೆಯೊಳಗೆ. ಓಡಿಸೋದಾದರೂ ಉಣ್ಣಿಸಿಯೇ ಓಡಿಸೋದು ನೋಡು. ಎಳ್ಳ ಅಮವಾಸ್ಯೆಗೆ ನಾವು ಹೊಲದಲ್ಲಿ ಚರಗ ಅಂತ ಎಡೆಯ ಅಡುಗೆ ಚೆಲ್ಲುತ್ತೇವೆ. ಹಕ್ಕಿ ತಿಂತೋ ಇರುವೆ ತಿಂತೋ ಯಾರೂ ಲೆಕ್ಕ ಇಡೋದಿಲ್ಲ.

ಸೋಮವಾರ ಆ ಹುಡುಗನನ್ನು ಬದಿಗೆ ಕೂಡಿಸಿಕೊಂಡು ಗಿಡದಲ್ಲಿ ಏನು ಕಂಡೆ ಅಂತ ಕೇಳು. ಎಲ್ಲರ ಎದುರು ಬೇಡ. ಹೇಳದಿದ್ದರೆ ಬಿಡು. ರೊಟ್ಟಿ ಗಂಟಿನಲ್ಲಿ ನನ್ನ ಹಳೇ ಭೂತಗನ್ನಡಿ ಇಟ್ಟಿದ್ದೇನೆ, ಮಕ್ಕಳಿಗೆ ಇರುವೆ ತೋರಿಸಲಿಕ್ಕೆ. ಹಿಡಿ ಸಡಿಲಾಗಿದೆ, ದಾರ ಸುತ್ತಿದ್ದೇನೆ.

ನಿನ್ನ ಮುತ್ಯಾ