ಚರಂಡಿಯ ಮೇಲೆ ವೀರೇಂದ್ರ ಪಾಟೀಲರ ಶಿಲಾಫಲಕ: ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳೇ,

ನಮಸ್ಕಾರ. ಕಲಬುರಗಿ ಜಿಲ್ಲೆಯ ಒಂದು ಸಣ್ಣ ಊರಿನಿಂದ ಬರೆಯುತ್ತಿದ್ದೇನೆ. ಊರಿನ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ಇಲ್ಲಿ ಹಾಕಿಲ್ಲ. ಬಸ್ ನಿಲ್ದಾಣದ ಎದುರಿನ ಖಾನಾವಳಿ ಎಂದರೆ ನಿಮಗೆ ತಿಳಿಯುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಹೋದವರೇ ನೀವು. ಅರ್ಜಿ ಕೊಟ್ಟೆ, ಸ್ವೀಕೃತಿ ಪಡೆದೆ, ಎದುರಿಗೆ ಬಂದೂ ಹೇಳಿದೆ. ‘ನೋಡೋಣ’ ಎಂದಿರಿ. ಇನ್ನೂ ನೋಡುತ್ತಲೇ ಇದ್ದೀರಿ.

ವಿಷಯ ನಮ್ಮ ಜಿಲ್ಲೆಯ ಮಗ, ಮಾಜಿ ಮುಖ್ಯಮಂತ್ರಿ ದಿವಂಗತ ವೀರೇಂದ್ರ ಪಾಟೀಲರ ಶಿಲಾಫಲಕದ್ದು. ಅದನ್ನು ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ, ನಿಲ್ಲಿಸಿದ ಜಾಗಕ್ಕೆ ಇದೆ. ರಸ್ತೆ ಬದಿಯ ಚರಂಡಿಯ ಮೇಲೆಯೇ ಕಾಂಕ್ರೀಟ್ ಕಟ್ಟೆ ಹಾಕಿ ಕಲ್ಲು ನೆಟ್ಟಿದ್ದೀರಿ. ಹೂಳು ತೆಗೆಯುವವರು ಕಟ್ಟೆಯವರೆಗೆ ಬಂದು ಸಲಿಕೆ ಹೆಗಲಿಗೇರಿಸಿಕೊಂಡು ವಾಪಸಾಗುತ್ತಾರೆ. ಮಳೆ ಜೋರಾದರೆ ನೀರಿಗೆ ಹೋಗಲು ಉಳಿದಿರುವ ದಾರಿ ಒಂದೇ, ನನ್ನ ಅಡುಗೆಮನೆ.

ಕಳೆದ ಮಳೆಗಾಲದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಹೊಲಸು ನೀರು ಒಳಗೆ ನುಗ್ಗಿತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಸೀರೆ ಎತ್ತಿಕೊಂಡು ಬೆಂಚಿನ ಮೇಲೆ ಹತ್ತಿದರು. ಒಲೆ ಆರಿತು, ಮೂಲೆಯಲ್ಲಿದ್ದ ಹಿಟ್ಟಿನ ಚೀಲ ಬುಡದಿಂದ ನೆನೆದು ಒಡೆಯಿತು. ಉಣ್ಣುತ್ತಿದ್ದವರು ಅರ್ಧಕ್ಕೇ ಎದ್ದರು. ಅವರಿಂದ ದುಡ್ಡು ಹೇಗೆ ಕೇಳಲಿ? ವಾಸನೆ ಹೋಗುವವರೆಗೂ ಬಾಗಿಲು ಹಾಕಿದ್ದೆ. ಅಂಗಡಿ ಬಾಡಿಗೆ ಮಾತ್ರ ಬಾಗಿಲು ಹಾಕಲಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ: ಕಲ್ಲನ್ನು ಚರಂಡಿಯ ಮೇಲಿಂದ ಸರಿಸಿ. ಗ್ರಂಥಾಲಯದ ಅಂಗಳ ಖಾಲಿ ಇದೆ.

ಸಾರ್ವಜನಿಕ ರಸ್ತೆಯಲ್ಲಿ, ಪಾದಚಾರಿ ಮಾರ್ಗದಲ್ಲಿ ಇಂಥವಕ್ಕೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದ್ದು ನಿಮಗೆ ಗೊತ್ತೇ ಇರುತ್ತದೆ. ಖಾನಾವಳಿ ನಡೆಸುವವನು ನಿಮಗೆ ಕಾನೂನು ಹೇಳುವುದು ಚೆನ್ನಾಗಿರುವುದಿಲ್ಲ.

ಇನ್ನು ಕಲ್ಲಿನ ಮೇಲಿನ ಬರಹ. ಮೇಲಿನ ಅರ್ಧ ಭಾಗದಲ್ಲಿ ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತರು, ಶಿಷ್ಟಾಚಾರದಂತೆ ಒಬ್ಬರೂ ತಪ್ಪದ ಹಾಗೆ. ಪಾಟೀಲರಿಗೆ ಸಿಕ್ಕಿದ್ದು ತಳದ ನಾಲ್ಕು ಸಾಲು. ಅದರಲ್ಲಿ 1968ರಿಂದ 1971ರವರೆಗೆ ಮುಖ್ಯಮಂತ್ರಿ ಎಂದಷ್ಟೇ ಇದೆ. 1989 ಎಲ್ಲಿ ಹೋಯಿತು? ಅವರು ಕೆಪಿಸಿಸಿ (ರಾಜ್ಯ ಕಾಂಗ್ರೆಸ್ ಸಮಿತಿ) ಅಧ್ಯಕ್ಷರಾಗಿದ್ದಾಗ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದು ಅವರು ಎರಡನೇ ಸಲ ಮುಖ್ಯಮಂತ್ರಿಯಾದದ್ದು ಆಗ. 1990ರ ಅಕ್ಟೋಬರ್‌ನಲ್ಲಿ, ಅನಾರೋಗ್ಯದಲ್ಲಿದ್ದಾಗಲೇ, ದೆಹಲಿಯ ಕಾಂಗ್ರೆಸ್ ವರಿಷ್ಠರು ಆ ಕುರ್ಚಿ ಕಿತ್ತುಕೊಂಡರು. ನೀವು ಕಲ್ಲಿನ ಮೇಲಿಂದಲೂ ಕಿತ್ತುಕೊಂಡಿರಿ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತದ್ದನ್ನು ಕೆತ್ತಿಸಿ ಎಂದು ನಾನು ಕೇಳುವುದಿಲ್ಲ (ಕೆತ್ತಿಸಿದರೂ ಅವರ ಗೌರವ ಕಡಿಮೆಯಾಗದು). ಹುಟ್ಟೂರು ಚಿಂಚೋಳಿ ಎಂಬುದಾದರೂ ಬೇಡವೇ? ಅದೂ ಇಲ್ಲ.

ಫೆಬ್ರುವರಿ 28ರ ಜಯಂತಿಯ ದಿನ ನಡೆದದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಿಂದಿನ ರಾತ್ರಿ ಯಾರೋ ತಮ್ಮ ಯುವ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ತಂದು ತಂತಿ ಬಿಗಿದು ಕಲ್ಲಿಗೇ ಕಟ್ಟಿದ್ದರು. ಬೆಳಿಗ್ಗೆ ನಿಮ್ಮ ಜೀಪು ಬಂತು. ನಿಮ್ಮ ಜೊತೆಗಿದ್ದವರು ಅವಸರದಲ್ಲಿ ಚೆಂಡುಹೂವಿನ ಹಾರವನ್ನು ಆ ಫ್ಲೆಕ್ಸಿನ ಮೇಲೆಯೇ ಇಳಿಬಿಟ್ಟರು. ಕಪ್ಪು ಕನ್ನಡಕದ ಯುವ ನಾಯಕರಿಗೆ ಹಾರ, ಊದಿನಕಡ್ಡಿ, ಕಾಯಿ! ನೀವು ಕೈಮುಗಿದಿರಿ, ಫೋಟೋ ತೆಗೆಸಿಕೊಂಡಿರಿ, ಹೋದಿರಿ. ಬದುಕಿರುವ ಮನುಷ್ಯನ ಚಿತ್ರಕ್ಕೆ ಊದಿನಕಡ್ಡಿ ಬೆಳಗಿದ್ದನ್ನು ಅವರ ಮನೆಯವರು ನೋಡಿದ್ದರೆ ಏನಾಗುತ್ತಿತ್ತೋ. ಫ್ಲೆಕ್ಸ್ ಬಿಚ್ಚಲು ಹೋದ ನನಗೆ ಹುಡುಗರು ‘ನಿನ್ನ ಖಾನಾವಳಿ ಇಲ್ಲೇ ಇರಬೇಕೋ ಬೇಡವೋ’ ಎಂದು ಕೇಳಿದರು. 1981ರ ತೆರೆದ ಸ್ಥಳಗಳ (ವಿರೂಪಗೊಳಿಸುವಿಕೆ ತಡೆ) ಕಾಯ್ದೆ ಇರುವುದು ಯಾರಿಗಾಗಿ, ಸ್ವಾಮಿ?

ಹೈದರಾಬಾದ್ ಕರ್ನಾಟಕದಿಂದ (ಈಗಿನ ಕಲ್ಯಾಣ ಕರ್ನಾಟಕ) ಮೊದಲ ಬಾರಿಗೆ ಮುಖ್ಯಮಂತ್ರಿಯಾದವರು ಪಾಟೀಲರು. ಅವರ ಹೆಸರು ಕೊಚ್ಚೆಯ ಮೇಲೆ ನಿಲ್ಲಬೇಕೇ? ಕಲ್ಲನ್ನು ಸರಿಸಿ. ಬಿಟ್ಟುಹೋದ ಅವಧಿಯನ್ನು ಕೆತ್ತಿಸಿ. ಫ್ಲೆಕ್ಸ್ ಕಟ್ಟುವವರ ಮೇಲೆ ಪ್ರಕರಣ ದಾಖಲಿಸಿ. ಮೂರೂ ಆಗದಿದ್ದರೆ ಕಲ್ಲನ್ನಾದರೂ ಸರಿಸಿ, ಅದೂ ಮುಂದಿನ ಮಳೆಗೆ ಮೊದಲು. ಸ್ಥಳ ಪರಿಶೀಲನೆಗೆ ಬರುವ ದಿನ ತಿಳಿಸಿದರೆ ಕಟ್ಟೆ ಒಡೆಯಲು ಆಳುಗಳನ್ನು ನಾನೇ ಕರೆಸುತ್ತೇನೆ, ಕೂಲಿಯೂ ನನ್ನದೇ.

ಇಂತಿ,
ಬಸ್ ನಿಲ್ದಾಣದ ಎದುರಿನ ಖಾನಾವಳಿಯವನು