ಹಿರಿಯರ ವಿಮಾ ಶಿಬಿರವೋ, ಶಾಲು ಹೊದೆಸುವ ಕಾರ್ಯಕ್ರಮವೋ?

ಮಾನ್ಯ ಸಂಪಾದಕರೇ,

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ರವಿವಾರ ನಡೆದ ಹಿರಿಯ ನಾಗರಿಕರ ಆರೋಗ್ಯ ವಿಮಾ ಶಿಬಿರ 'ಭಾರೀ ಯಶಸ್ವಿ' ಎಂದು ನಿಮ್ಮ ಪತ್ರಿಕೆಯಲ್ಲಿ ಓದಿ ಸಂತೋಷವಾಯಿತು. ಯಾರಿಗೆ ಯಶಸ್ವಿ ಎಂಬುದನ್ನು ವರದಿಗಾರರು ಬರೆದಿಲ್ಲ. ಮೂರನೇ ಮಹಡಿಯ ಸಭಾಗೃಹ, ಲಿಫ್ಟ್ ಬಂದ್. ಮೊಣಕಾಲಿನ ಆಪರೇಷನ್‌ಗೆ ವಿಮೆ ಸಿಗುತ್ತದೆಯೇ ಎಂದು ಕೇಳಲು ಬಂದವರು ಅದೇ ಮೊಣಕಾಲಲ್ಲಿ ಮೆಟ್ಟಿಲು ಹತ್ತಬೇಕಾಯಿತು. ಹತ್ತು ಗಂಟೆಯ ಶಿಬಿರಕ್ಕೆ ಅತಿಥಿಗಳು ಬಂದದ್ದು ಊಟದ ಹೊತ್ತಿಗೆ. ಕುಡಿಯುವ ನೀರು ವೇದಿಕೆಯ ಮೇಲೆ ಮಾತ್ರ. ಸಕ್ಕರೆ ಕಾಯಿಲೆಯವರೇ ತುಂಬಿದ್ದ ಸಭೆಗೆ ಕೊನೆಗೆ ಹಂಚಿದ್ದು ಜಿಲೇಬಿ!

ಮೊದಲನೆಯದಾಗಿ, ದಿನಾಂಕ ಗೊತ್ತುಮಾಡಿದ ಪುಣ್ಯಾತ್ಮರು ಯಾರು? ನಮ್ಮ ಕಡೆಯ ಹಿರಿಯರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೇ ಹೆಚ್ಚು. ಅವರ ಗುಂಪು ಪಾಲಿಸಿ ನವೀಕರಣವಾಗುವುದು ನವೆಂಬರ್ 1ಕ್ಕೆ, ಒಪ್ಪಿಗೆ ಕೊಡುವ ಗಡುವು ಅದಕ್ಕೂ ಮೊದಲು. ಬೇರೆ ಕಂಪೆನಿಗೆ ಪೋರ್ಟ್ ಮಾಡುವವರು, ಅಂದರೆ ಹಳೆಯ ಪಾಲಿಸಿಯ ವರ್ಷಗಳ ಲೆಕ್ಕ ಸಮೇತ ಕಂಪೆನಿ ಬದಲಿಸುವವರು, ನವೀಕರಣಕ್ಕೆ ಒಂದೂವರೆ ತಿಂಗಳಿರುವಾಗಲೇ ಅರ್ಜಿ ಹಾಕಬೇಕು. ಅಕ್ಟೋಬರ್ ಕೊನೆಯ ವಾರದಲ್ಲಿ ಶಿಬಿರ ಮಾಡಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನು ಅಲ್ಲಿ ಕೊಟ್ಟ ಮಾಹಿತಿ. ಬಣ್ಣದ ಕರಪತ್ರದಲ್ಲಿ ಎರಡೇ ಅಂಕಿ: ವಿಮೆ ಎಷ್ಟು ಲಕ್ಷ, ಪ್ರೀಮಿಯಂ ಎಷ್ಟು. ಹಿರಿಯರ ಕ್ಲೈಮ್ ಕತ್ತರಿಸಿ ಹೋಗುವುದು ಈ ಎರಡು ಅಂಕಿಗಳಲ್ಲಿ ಅಲ್ಲ, ಕೋಣೆ ಬಾಡಿಗೆಯ ಮಿತಿಯಲ್ಲಿ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1, ಅಂದರೆ 5,000 ರೂಪಾಯಿ ಮಿತಿ ಇದೆ ಎನ್ನಿ. 8,000ದ ಕೋಣೆ ಹಿಡಿದರೆ ಮೇಲಿನ 3,000 ಮಾತ್ರ ನಮ್ಮ ಕೈಯಿಂದ ಎಂದು ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ. ವೈದ್ಯರ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗ್ ಎಲ್ಲವೂ ಎಂಟರಲ್ಲಿ ಐದು ಪಾಲಿಗೆ ಇಳಿಯುತ್ತವೆ. ಆ ಬಾಬ್ತು 2 ಲಕ್ಷವಾಗಿದ್ದರೆ 1,25,000 ಉಳಿಯಿತು. ಅದರ ಮೇಲೆ ಶೇ. 20 ಕೋ-ಪೇ (ನಾವೇ ತೆರಬೇಕಾದ ಪಾಲು) ಇದ್ದರೆ ಕೈಗೆ ಬರುವುದು ಬರೀ 1 ಲಕ್ಷ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ, ಕೋಣೆ ನೋಡಿ ದರ ಏರಿಸದ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಇದನ್ನು ಹೇಳಲು ಐದು ನಿಮಿಷ ಸಾಕು. ಶಾಲು ಹೊದೆಸಲು ಹಿಡಿದ ಹೊತ್ತು ನಿಮ್ಮ ವರದಿಗಾರರಿಗೇ ಗೊತ್ತು.

ಇರುವ ವಿಮೆಯ ಮೇಲೆ ಹೆಚ್ಚುವರಿಯಾಗಿ ಕೊಳ್ಳುವ ಟಾಪ್-ಅಪ್, ಸೂಪರ್ ಟಾಪ್-ಅಪ್ ಎರಡೂ ಒಂದೇ ಎಂದು ಟೈ ಕಟ್ಟಿದ ಯುವಕನೊಬ್ಬ ಮೈಕಿನಲ್ಲಿ ಘೋಷಿಸಿದ. ಒಂದೇ ಅಲ್ಲಪ್ಪಾ! 3 ಲಕ್ಷದ ಡಿಡಕ್ಟಿಬಲ್ (ಅಷ್ಟರವರೆಗಿನ ಬಿಲ್ ಈ ಪಾಲಿಸಿಗೆ ಸೇರದು) ಇಟ್ಟುಕೊಂಡು ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ ತಲಾ 2 ಲಕ್ಷ ಬಿಲ್ ಆದರೆ ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ 1 ಲಕ್ಷ ಕೊಡುತ್ತದೆ. ಬರೀ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಯಾಗಿ ನೋಡಿ ಸೊನ್ನೆ ಕೊಡುತ್ತದೆ. ಪೋರ್ಟ್ ಮಾಡಿದರೆ ಹಳೆಯ ಕಾಯಿಲೆಗೆಲ್ಲ ಮೊದಲ ದಿನದಿಂದಲೇ ರಕ್ಷಣೆ ಎಂಬ ಮಾತೂ ಅರ್ಧ ಸುಳ್ಳು. 3 ಲಕ್ಷದಿಂದ 10 ಲಕ್ಷಕ್ಕೆ ಹೋದರೆ ಹಳೆಯ ಕಾಯಿಲೆಗೆ ರಕ್ಷಣೆ ಸಿಗಲು ಕಾಯಬೇಕಾದ ಅವಧಿಯಲ್ಲಿ ಹಳೆಯ ವರ್ಷಗಳ ಲೆಕ್ಕ ಸಿಗುವುದು ಹಳೆಯ ಮೊತ್ತಕ್ಕೆ ಮಾತ್ರ, ಉಳಿದ 7 ಲಕ್ಷಕ್ಕೆ ಹೊಸದಾಗಿ ಕಾಯಬೇಕು, ಮೂರು ವರ್ಷದವರೆಗೂ. ಹೊಸ ಕಂಪೆನಿ ಬೇಡ ಅನ್ನಲೂಬಹುದು. ಆದ್ದರಿಂದ ಹೊಸ ಪಾಲಿಸಿ ಕೈಗೆ ಬರುವ ತನಕ ಹಳೆಯದನ್ನು ಬಿಡಬಾರದು. ಅರ್ಜಿಯಲ್ಲಿ ಬಿ.ಪಿ., ಶುಗರ್ ಬರೆಯಬೇಡಿ ಎನ್ನುವ ಏಜೆಂಟರಿಗೆ ಕೈ ಮುಗಿದು ಬಾಗಿಲು ತೋರಿಸಬೇಕು; ಮುಚ್ಚಿಟ್ಟದ್ದು ಹೊರಬಿದ್ದರೆ ಕ್ಲೈಮೂ ಹೋಯಿತು, ಪಾಲಿಸಿಯೂ ಹೋಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಊರಿನ ವಿಳಾಸ ಹಾಕಿ, ಪ್ರೀಮಿಯಂ ಕಡಿಮೆ ಬೀಳುತ್ತದೆ ಎಂದು ಕುಂದಾಪುರ, ಕಾರ್ಕಳದವರಿಗೆ ಮೂಲೆಯಲ್ಲಿ ಉಪದೇಶ ನಡೆದಿತ್ತು. ಕೆಲವು ಪಾಲಿಸಿಗಳಲ್ಲಿ ಊರುಗಳನ್ನು ವಲಯಗಳಾಗಿ ವಿಂಗಡಿಸಿರುತ್ತಾರೆ, ಮುಂಬಯಿ ದುಬಾರಿ ವಲಯ. ಕಡಿಮೆ ವಲಯದ ಪಾಲಿಸಿ ಹಿಡಿದು ಇಲ್ಲಿ ಚಿಕಿತ್ಸೆ ಪಡೆದರೆ ಅದಕ್ಕೇ ಬೇರೆ ಕೋ-ಪೇ ಬೀಳುತ್ತದೆ. ವರ್ಷವಿಡೀ ಇಲ್ಲಿದ್ದು ಊರಿನ ವಿಳಾಸ ಕೊಟ್ಟದ್ದಕ್ಕೆ ತಕರಾರು ಬೇರೆ.

70 ದಾಟಿದವರಿಗೆ ಕೇಂದ್ರ ಸರಕಾರದ ಉಚಿತ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡ್ ಸ್ಥಳದಲ್ಲೇ ಎಂದು ಬ್ಯಾನರಿನಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಯೋಜನೆ, ಆದಾಯದ ಮಿತಿಯಿಲ್ಲ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಖಾಸಗಿ ವಿಮೆ ಇದ್ದವರಿಗೂ ಸಿಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ಆ 5 ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು. ತಲಾ 5 ಎಂದು ನಿಮ್ಮ ವರದಿಯಲ್ಲಿ ಅಚ್ಚಾಗಿದೆ, ದಯವಿಟ್ಟು ತಿದ್ದಿ. ಕಾರ್ಡಂತೂ ಆಗಲಿಲ್ಲ. ಒಬ್ಬರ ಆಧಾರ್‌ಗೆ ಜೋಡಿಸಿದ ಮೊಬೈಲ್ ವಿರಾರಿನ ಮಗಳ ಕೈಯಲ್ಲಿ, ಒಟಿಪಿ ಅಲ್ಲಿಗೇ ಹೋಯಿತು. ಇನ್ನೊಬ್ಬರ ಬೆರಳಚ್ಚು ಸವೆದಿದೆ ಎಂದರು. ಮುಖ ತೋರಿಸಿ ದೃಢೀಕರಿಸುವ ದಾರಿಯೂ ಇದೆಯಲ್ಲ ಎಂದು ಕೇಳಿದರೆ 'ಸರ್ವರ್ ಡೌನ್'. ಅಧಿಕಾರಿಗಳ ಭಾಷಣಕ್ಕೆ ಮಾತ್ರ ಯಾವ ಸರ್ವರೂ ಬೇಕಾಗಲಿಲ್ಲ.

ಇದೇನು ಹೊಸದೇ? ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಹೋದದ್ದು ಇವತ್ತಿಗೂ ಬಂದಿಲ್ಲ. ನವೆಂಬರ್ ಬಂತೆಂದರೆ ನಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು. ಪಾಲಿಕೆಯ ಪ್ರಭಾಗ (ವಾರ್ಡ್) ಕಚೇರಿಯಲ್ಲಿ ಫುಟ್‌ಪಾತ್ ಬಗ್ಗೆ ಕೊಟ್ಟ ಅರ್ಜಿ ಯಾವ ಟೇಬಲ್ಲಿನಲ್ಲಿದೆ ಎಂಬುದು ಆ ಟೇಬಲ್ಲಿಗೂ ಗೊತ್ತಿಲ್ಲ. ಅಲ್ಲಿ ಬಿದ್ದು ಸೊಂಟ ಮುರಿದರೆ ವಿಮೆ ಇದೆಯಲ್ಲ ಅಂತ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ಸೊನ್ನೆ ಎಂದು ಅತಿಥಿಗಳು ಚಪ್ಪಾಳೆ ಗಿಟ್ಟಿಸಿಕೊಂಡರು. ಗುಂಪು ಪಾಲಿಸಿಗೆ ಶೇ. 18 ಹಾಗೇ ಇದೆ ಎಂಬುದನ್ನು ನುಂಗಿಕೊಂಡರು. ಕೇಳುತ್ತ ಕುಳಿತಿದ್ದವರಲ್ಲಿ ಬಹುಪಾಲು ಗುಂಪು ಪಾಲಿಸಿಯವರೇ! 60 ದಾಟಿದವರ ಪ್ರೀಮಿಯಂ ಇನ್ನು ಏರುವುದೇ ಇಲ್ಲ ಎಂದೂ ಅಪ್ಪಣೆಯಾಯಿತು. 2025ರ ಜನವರಿಯ ಆದೇಶ ಹೇಳುವುದು ಇಷ್ಟೇ: ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮೊದಲು ಕಂಪೆನಿ ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಕಾಗದ ಹೋದ ಮೂರು ಗಂಟೆಯೊಳಗೆ ಕಂಪೆನಿ ಅಂತಿಮ ಒಪ್ಪಿಗೆ ಕೊಡಬೇಕು, ತಡವಾದದ್ದಕ್ಕೆ ಬೀಳುವ ಹೆಚ್ಚಿನ ಖರ್ಚು ಕಂಪೆನಿಯದೇ ಎಂದು 2024ರಲ್ಲೇ ನಿಯಮ ಬಂದಿದೆ. ದೂರಿಗೆ ಕಂಪೆನಿ ಒಂದು ತಿಂಗಳು ಉತ್ತರಿಸದಿದ್ದರೆ ವಿಮಾ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ಬರೆಯಬಹುದು. ಶಿಬಿರದಲ್ಲಿ ಇದನ್ನು ಹೇಳಿದವರೇ ಇಲ್ಲ.

ಮುಂದಿನ ಶಿಬಿರವನ್ನು ಆಗಸ್ಟ್‌ನಲ್ಲೇ, ನೆಲಮಹಡಿಯಲ್ಲಿ, ಪಾಲಿಸಿಯ ಪೂರ್ತಿ ಷರತ್ತುಗಳನ್ನು ಕೈಗೆ ಕೊಟ್ಟು ಮಾಡಲಿ. ಆಗದಿದ್ದರೆ ಮಾಡುವುದೇ ಬೇಡ. ಗುಂಪು ಪಾಲಿಸಿಯ ಜಿಎಸ್‌ಟಿಯನ್ನೂ ತೆಗೆಯಲಿ, ಫುಟ್‌ಪಾತನ್ನೂ ನೋಡಲಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಹರಿಸುವವರಾಗಿದ್ದರೆ ಇಷ್ಟು ಹೊತ್ತಿಗೆ ಹರಿಸುತ್ತಿದ್ದರು, ಬಿಡಿ.

– ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ ಪೂರ್ವ