ವ್ಯಾನ್ ಗೋ ಹುಚ್ಚಿಂದ ಚಿತ್ರ ಬರೆದವನಲ್ಲ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣೀಲಿ ಡಚ್ ಚಿತ್ರಕಾರ ವ್ಯಾನ್ ಗೋ ಬಗ್ಗೆ ಬಂದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಅವನು ಹುಚ್ಚಿನ ಆವೇಶದಲ್ಲಿ ಬಣ್ಣ ಎರಚ್ತಿದ್ದ ಅನ್ನೋ ಥರ ಬರ್ದಿದ್ದು ಮಾತ್ರ ಮನಸ್ಸಿಗೆ ಚುಚ್ತು. ನಾನು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಮರುದಿನಾನೇ ಒಂಬತ್ತನೇ ಕ್ಲಾಸ್ ಹುಡುಗಿ ಒಬ್ಳು ಪೇಪರ್ ಹಿಡ್ಕೊಂಡು ಬಂದು "ಸಾರ್, ತಲೆ ಕೆಟ್ರೆ ಮಾತ್ರ ದೊಡ್ಡ ಆರ್ಟಿಸ್ಟ್ ಆಗೋದಾ" ಅಂತ ಕೇಳಿದ್ಲು, ಅದಕ್ಕೇ ಈ ಪತ್ರ.

1888ರ ಫೆಬ್ರವರೀಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ಗೆ ಹೋದವನು ಅಲ್ಲಿದ್ದ 15 ತಿಂಗಳಲ್ಲಿ ಹತ್ರ ಹತ್ರ 200 ಪೇಂಟಿಂಗ್ ಮಾಡ್ದ, ನಿಜ. ಆದ್ರೆ ಆ ಸ್ಪೀಡ್ ಸುಮ್ನೆ ಬಂದಿದ್ದಲ್ಲ. ತಮ್ಮ ಥಿಯೋಗೆ ಆ ಬೇಸಿಗೇಲಿ ಬರೆದ ಕಾಗದದಲ್ಲಿ ಅವನೇ ಹೇಳ್ತಾನೆ, ಒಂದರ ಹಿಂದೊಂದು ಬೇಗ ಬೇಗ ಮುಗಿಸ್ತಿದೀನಿ ಆದ್ರೆ ಎಲ್ಲಾ ಮುಂಚೇನೇ ಲೆಕ್ಕ ಹಾಕಿರ್ತೀನಿ, ಇಷ್ಟು ಬೇಗ ಮಾಡಿದಾನೆ ಅಂತ ಯಾರಾದ್ರೂ ಅಂದ್ರೆ ನೀವು ಬೇಗ ನೋಡಿದೀರಿ ಅಂತ ಹೇಳು ಅಂತ. ಈ ಲೆಕ್ಕ ಹೆಂಗಿತ್ತು ಅಂದ್ರೆ, ಬಣ್ಣಬಣ್ಣದ ಉಲ್ಲನ್ ದಾರದ ಉಂಡೆಗಳನ್ನ ಒಂದು ಡಬ್ಬೀಲಿ ಇಟ್ಕೊಂಡು ಯಾವ ಬಣ್ಣದ ಪಕ್ಕ ಯಾವ್ದು ಹೊಂದುತ್ತೆ ಅಂತ ದಾರ ಸೇರಿಸಿ ಸೇರಿಸಿ ನೋಡ್ತಿದ್ದ, ಆ ಡಬ್ಬಿ ಇವತ್ತಿಗೂ ಇದೆ. ಗಾಳಿಗೆ ಈಸಲ್, ಅಂದ್ರೆ ಚಿತ್ರ ಇಟ್ಟು ಬರೆಯೋ ಸ್ಟ್ಯಾಂಡ್, ಬೀಳ್ದಂಗೆ ನೆಲಕ್ಕೆ ಗೂಟ ಹೊಡೀತಿದ್ದ. ಆಗಸ್ಟಲ್ಲಿ ಸೂರ್ಯಕಾಂತಿ ಬರೀವಾಗ ಹೂವು ಬೇಗ ಬಾಡುತ್ತೆ ಅಂತ ಬೆಳಗಾಗ್ತಿದ್ದಂಗೇ ಕೂತು ಒಂದೇ ಏಟಿಗೆ ಮುಗಿಸ್ಬೇಕಿತ್ತು. ಅವಸರ ಹೂವಿಂದು, ತಲೇದಲ್ಲ.

ಇನ್ನು ಕಾಯಿಲೆ ವಿಷ್ಯ. 1889ರ ಮೇನಲ್ಲಿ ತಾನಾಗೇ ಸೇಂಟ್ ರೆಮಿ ಅನ್ನೋ ಊರಿನ ಮಾನಸಿಕ ಆಸ್ಪತ್ರೆಗೆ ಸೇರ್ದ. ಜುಲೈನಲ್ಲಿ ಕಾಯಿಲೆ ಜೋರಾದಾಗ ಸುಮಾರು ಒಂದೂವರೆ ತಿಂಗಳು ಬ್ರಷ್ ಹಿಡಿಯೋಕೇ ಆಗ್ಲಿಲ್ಲ. ಅಂದ್ರೆ ಕಾಯಿಲೆ ಚಿತ್ರ ಬರೆಸ್ಲಿಲ್ಲ, ನಿಲ್ಲಿಸ್ತು! ಚೇತರಿಸ್ಕೊಂಡ ಮೇಲೆ ಹೊರಗೆ ಹೋಗೋಕಾಗದ ದಿನಗಳಲ್ಲಿ ಏನ್ಮಾಡ್ದ ಗೊತ್ತಾ, ಮಿಲೆ ಅನ್ನೋ ಚಿತ್ರಕಾರನ ಕಪ್ಪು ಬಿಳುಪು ಪ್ರಿಂಟ್ ಎದುರಿಗಿಟ್ಕೊಂಡು ತನ್ನ ಬಣ್ಣದಲ್ಲಿ ಬರೀತಾ ಹೋದ, ಅಂಥವು 20ಕ್ಕೂ ಹೆಚ್ಚಿವೆ. ಬೇರೆಯವ್ರ ರಚನೇನ ಸಂಗೀತಗಾರ ತನ್ನ ರೀತೀಲಿ ನುಡಿಸ್ದಂಗೆ ಇದು ಅಂತ ಹೇಳ್ತಿದ್ದ. ನಮ್ಮ ಹಾಡುಗಾರರು ದಾಸರ ಪದ ಎತ್ಕೊಂಡು ಹಾಡೋದನ್ನ ಕೇಳಿದವ್ರಿಗೆ ಇದು ಬೇಗ ಅರ್ಥ ಆಗುತ್ತೆ ಅನ್ಸುತ್ತೆ.

ಆ ಹುಡುಗೀಗೆ ಇಷ್ಟನ್ನೂ ಹೇಳಿ ಅವನ ಕಾಗದಗಳಲ್ಲಿರೋ ಸಣ್ಣ ಸಣ್ಣ ಸ್ಕೆಚ್ ತೋರಿಸ್ದೆ, ಯಾವ ಗೋಡೆಗೆ ಯಾವ ಬಣ್ಣ ಅಂತ ತಾನು ಮಲಗೋ ರೂಮಿನ ಬಗ್ಗೆ ಬರ್ದಿದ್ದನ್ನೂ ಓದಿ ಹೇಳ್ದೆ. ಮುಂದಿನ ಸಲ ಅವನ ಬಗ್ಗೆ ಹಾಕಿದ್ರೆ ಕಿವಿ ಕೊಯ್ಕೊಂಡ ಕತೆ ಬದ್ಲು ಅಂಥ ಒಂದು ಕಾಗದ ಕನ್ನಡದಲ್ಲಿ ಹಾಕಿ ಸಾರ್, ನಮ್ಮ ಡ್ರಾಯಿಂಗ್ ರೂಮಿನ ಗೋಡೆಗೆ ಅಂಟಿಸ್ಕೋತೀವಿ.

ಇಂತಿ,
ಒಬ್ಬ ಡ್ರಾಯಿಂಗ್ ಮೇಷ್ಟ್ರು, ಹಾಸನ